21 ಇಂಚಿನ ಗೂಡು

ತುಮಕೂರಿನ ಬಟವಾಡಿಯಲ್ಲಿರುವ ನಮ್ಮ ಮನೆಯ ಹಾಲಿನಲ್ಲಿ ಒಂದು ಶೋಕೇಸ್ ಇದೆ. ಹಲಸಿನ ಮರದ್ದು. ಚೇಳೂರಿನ ನೆಂಟರ ತೋಟದಲ್ಲಿ ಗಾಳಿಗೆ ಬಿದ್ದ ಮರ. ಕೊಯ್ದಾಗ ಅರಿಶಿನದ ಹಾಗಿತ್ತು, ಈಗ ಬೆಲ್ಲದ ಬಣ್ಣಕ್ಕೆ ತಿರುಗಿದೆ. ನಡುವೆ ಟಿವಿಗೆಂದೇ ಮಾಡಿದ ಗೂಡು. ಸರಿಯಾಗಿ 21 ಇಂಚಿನ ಡಬ್ಬಾ ಟಿವಿಯ ಅಳತೆ. ಆ ಟಿವಿ ಗುಜರಿಗೆ ಹೋಗಿ ಎಷ್ಟೋ ವರ್ಷವಾಯ್ತು. ಈಗ ಅಲ್ಲಿ ಸ್ಟೆಬಿಲೈಸರ್, ಹಳೇ ಪಂಚಾಂಗ, ಅಮ್ಮನ ಮಾತ್ರೆ ಡಬ್ಬಿ. ಹೊಸ ಟಿವಿ ಪಕ್ಕದ ಗೋಡೆಗೆ ಹೋಗಿದೆ, ವೈರು ಜೋತಾಡುತ್ತಿದೆ.

ನಾನಿರುವುದು ಅಮೆರಿಕದ ಮಿಶಿಗನ್‌ನಲ್ಲಿ. ಅಲ್ಲಿ ಮರಗೆಲಸದವರ ಕೂಲಿ ಕೇಳಿದರೆ ಎದೆ ಝಲ್ ಅನ್ನುತ್ತದೆ. ಹಾಗಾಗಿ ಅಲ್ಲಿನ ಮನೆಗೆ ಟಿವಿ, ಪುಸ್ತಕದ ಅರೆ ಮಾಡಲು ಗ್ಯಾರೇಜಿನಲ್ಲಿ ನಾನೇ ಗರಗಸ ಹಿಡಿದೆ. ಅಂಗಡಿಯವರು 'ಎರಡು ನಾಲ್ಕು' ಅಂತ ಮಾರುವ ರೀಪು ನಿಜಕ್ಕೂ ಒಂದೂವರೆಗೆ ಮೂರೂವರೆ ಇಂಚು! ಹೆಸರು ನಂಬಿ ಹಾಕಿದ ಲೆಕ್ಕವೆಲ್ಲ ಕೆಟ್ಟಿತು. ಅಲ್ಲಿನ ಗೋಡೆಯೂ ಬೇರೆ ಥರ. ಹೊರಗೆ ಜಿಪ್ಸಂ ಹಲಗೆ, ಒಳಗೆ ಟೊಳ್ಳು, ಸಾಮಾನ್ಯವಾಗಿ 16 ಇಂಚಿಗೊಂದು ಮರದ ಕಂಬ. ಟಿವಿ ತೂಗುಹಾಕಲು ಆ ಕಂಬವೇ ಸಿಗಬೇಕು. ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆ ಗೋಡೆಯುದ್ದಕ್ಕೂ ತಟ್ಟುತ್ತಾ ಹೋದೆ. ಡಬ್ ಡಬ್ ಅಂದರೆ ಟೊಳ್ಳು, ಟಕ್ ಅಂದರೆ ಕಂಬ. ಬಟವಾಡಿಯ ಇಟ್ಟಿಗೆ ಗೋಡೆಗೆ ಈ ತಾಪತ್ರಯ ಇಲ್ಲ. ಒಳಗಿನ ಕರೆಂಟು ಪೈಪು ತಪ್ಪಿಸಿ ಡ್ರಿಲ್ ಹಾಕಿದರೆ ಆಯ್ತು.

ನಾನೇ ಮಾಡಿದ್ದು ಅನ್ನೋ ಜಂಬ ಇದೆ, ಸುಳ್ಳು ಯಾಕೆ. ಆದರೆ ಕೆಲಸ ನಮ್ಮ ಆಚಾರ್ರದ್ದೇ ಚೆನ್ನ. 18 ಎಂಎಂ ಪ್ಲೈವುಡ್ಡಿನ ನನ್ನ ನಾಲ್ಕಡಿ ಅರೆಗೆ ನಡುವೆ ಆಸರೆ ಕೊಡಲಿಲ್ಲ. ಪುಸ್ತಕ ಜೋಡಿಸಿದ ಮೇಲೆ ತೊಟ್ಟಿಲಿನ ಹಾಗೆ ಬಾಗಿದೆ. ಬಟವಾಡಿಯ ಶೋಕೇಸನ್ನು ಆಚಾರ್ರು ಹಾಲಿನಲ್ಲೇ ಮೂರು ವಾರ ಕೂತು ಮಾಡಿದ್ದರು. ಹತ್ತರಿ ಸಿಪ್ಪೆಯೆಲ್ಲ ಸ್ನಾನದ ಹಂಡೆಯ ಒಲೆಗೆ. ಅಜ್ಜಿ ಬಂದು "ಮೇಲಿನ ಅರೆ ಇನ್ನೊಂದು ಗೇಣು ಎತ್ತರ ಇರ್ಲಿ ಆಚಾರ್ರೇ" ಅಂದರೆ ಅವತ್ತೇ ಎತ್ತರ ಆಗುತ್ತಿತ್ತು. ನನ್ನ ಗ್ಯಾರೇಜಿಗೆ ಯಾರೂ ಬಂದು ಏನೂ ಹೇಳಲಿಲ್ಲ. ಅದಕ್ಕೇ ಬಾಗಿತೇನೋ.

ಈಗ ತಮ್ಮ ಹೊಸ ಯೂನಿಟ್ ಮಾಡಿಸಲು ಹೊರಟಿದ್ದಾನೆ. 55 ಇಂಚಿನ ಟಿವಿಗೆ ಅಚ್ಚುಕಟ್ಟಾಗಿ ಕೂರುವ ಚೌಕಟ್ಟು, ಸುತ್ತಲೂ ಮೈಕಾ. ಅದಕ್ಕೇ ನನ್ನ ತಕರಾರು. 55 ಅನ್ನೋದು ಮೂಲೆಯಿಂದ ಮೂಲೆಗೆ, ಅಗಲ ಸುಮಾರು 48 ಇಂಚು ಅಷ್ಟೆ. ನಾಳೆ 65 ತಂದರೆ? ಮತ್ತೆ ಅದೇ 21 ಇಂಚಿನ ಕಥೆ, ಅಲ್ವಾ? ಗೋಡೆಯಲ್ಲಿ ಆರಡಿ ಖಾಲಿ ಬಿಡು ಅಂದೆ. ಪರದೆಯ ನಡುಭಾಗ ಕೂತವರ ಕಣ್ಣಿನ ಮಟ್ಟಕ್ಕಿರಲಿ. ಸೆಟ್‌ಟಾಪ್ ಬಾಕ್ಸ್ ಬಿಸಿಯಾಗುತ್ತೆ, ಆ ಖಾನೆಗೆ ಹಿಂದಿನ ಹಲಗೆ ಹೊಡೆಸಬೇಡ. ಅರೆಗಳಿಗೆ ಮೊಳೆ ಬೇಡ. ಪಕ್ಕದ ಹಲಗೆಗೆ ಸಾಲಾಗಿ ತೂತು ಕೊರೆದು ಪಿನ್ನಿನ ಮೇಲೆ ಕೂರಿಸಿದರೆ ಬೇಕಾದಾಗ ಮೇಲೆ ಕೆಳಗೆ ಮಾಡಬಹುದು. ಇದೊಂದನ್ನು ಮಾತ್ರ ಮಿಶಿಗನ್‌ನಲ್ಲಿ ಸರಿಯಾಗಿ ಕಲಿತೆ.

"ಸರಿ, ಹಳೇದನ್ನ ಮಾರಿಬಿಡೋಣ" ಅಂದ ತಮ್ಮ.

ಅಮ್ಮ ಅಡುಗೆಮನೆಯಿಂದಲೇ ಕೂಗಿದರು: "ಅದರ ತಂಟೆಗೆ ಹೋಗ್ಬೇಡ್ರೋ. ದಸರಾದಲ್ಲಿ ಪಟ್ಟದ ಗೊಂಬೆ ಕೂರೋದು ಆ ಗೂಡಲ್ಲೇ."