ಮಾತ್ರೆ ತಗೊಂಡ್ರಾ? ಒಂದು ಒತ್ತಿ

ಹ್ಯಾಕಥಾನ್ ಅಂದ್ರೆ ಕೊಟ್ಟ ಟೈಮೊಳಗೆ ಒಟ್ಟಿಗೆ ಕೂತು ಸಾಫ್ಟ್‌ವೇರ್ ಕಟ್ಟೋದು, ಸಾಮಾನ್ಯವಾಗಿ ಸ್ಪರ್ಧೆ. ಅಂಥ ಟೀಮಲ್ಲಿ ನಾಲ್ಕು ಜನ ಇದ್ರೆ ಒಬ್ಬನಿಗಾದ್ರೂ ಕೋಡಿಂಗ್ ಬರಲ್ಲ, ಅವನ ತಲೆಗೆ ಪಿಪಿಟಿ ಕಟ್ಟಿಬಿಡ್ತಾರೆ. ನಮ್ ಟೀಮಲ್ಲಿ ಆ ಪುಣ್ಯಾತ್ಮ ನಾನೇ.

ಇದ್ದಿದ್ದು 24 ಗಂಟೆ. ಅದರಲ್ಲಿ ಮೊದಲ ಮೂರು ಗಂಟೆ ಹೆಸರು ಹುಡುಕೋದ್ರಲ್ಲೇ ಹೋಯ್ತು, ಇನ್ನೊಂದು ಗಂಟೆ ಲೋಗೋಗೆ ಎಲೆ ಹಸಿರೋ ಗಿಳಿ ಹಸಿರೋ ಅನ್ನೋ ಜಗಳಕ್ಕೆ. ಕೂಸು ಹುಟ್ಟೋ ಮುಂಚೆ ಕುಲಾವಿ ಅನ್ನೋದು ನಮ್ಮಂಥವರನ್ನ ನೋಡೇ ಹುಟ್ಟಿದ ಮಾತಿರಬೇಕು. ಆದ್ರೆ ಐಡಿಯಾ ಚೆನ್ನಾಗಿತ್ತು, ಈಗ್ಲೂ ಎದೆ ತಟ್ಕೊಂಡು ಹೇಳ್ತೀನಿ. ವಯಸ್ಸಾದೋರು ಆ್ಯಪ್ ಓಪನ್ ಮಾಡಲ್ಲ, ನೋಟಿಫಿಕೇಶನ್ ನೋಡಲ್ಲ, ಫೋನ್ ರಿಂಗಾದ್ರೆ ಮಾತ್ರ ಎತ್ತೇ ಎತ್ತುತಾರೆ. ಹಾಗಾಗಿ ಮಾತ್ರೆ ಟೈಮಿಗೆ ನಮ್ ಸಿಸ್ಟಮ್ಮೇ ಕಾಲ್ ಮಾಡಿ "ಮಾತ್ರೆ ತಗೊಂಡ್ರಾ? ತಗೊಂಡಿದ್ರೆ ಒಂದು ಒತ್ತಿ" ಅನ್ನುತ್ತೆ. ಒತ್ತಲಿಲ್ವಾ, ಎರಡು ನಿಮಿಷ ಬಿಟ್ಟು ಮತ್ತೆ ಕಾಲ್. ಒತ್ತೋವರೆಗೂ ಬಿಡಲ್ಲ. ಈ ಕೊನೇ ಫೀಚರ್ ಬಗ್ಗೆ ನಮಗೆ ಸ್ವಲ್ಪ ಜಾಸ್ತೀನೇ ಹೆಮ್ಮೆ ಇತ್ತು.

ವಾಯ್ಸ್ ಕೊಟ್ಟಿದ್ದು ನಮ್ ಡಿಸೈನರ್ ಹುಡುಗಿ, ರಾತ್ರಿ ಎರಡು ಗಂಟೆಗೆ, ಕಾರಿಡಾರಲ್ಲಿ ಗೋಡೆಗೆ ಒರಗಿಕೊಂಡು. ಅರ್ಧ ನಿದ್ದೆ, ಅರ್ಧ ಸಿಟ್ಟು. ಪ್ರೀತಿಯ ಮೊಮ್ಮಗಳು ಕೇಳಿದ ಹಾಗಿರಲಿ ಅಂದ್ರೆ ಸಾಲ ವಸೂಲಿಯವರು ಕೇಳಿದ ಹಾಗಿತ್ತು.

ಮೂರೂವರೆಗೆ ಇಬ್ಬರು ಒಂದೇ ಫೈಲ್ ತಿದ್ದಿ ಮರ್ಜ್ ಕಾನ್‌ಫ್ಲಿಕ್ಟ್ ಆಯ್ತು, ಅಂದ್ರೆ ಇಬ್ಬರ ಕೋಡ್ ಒಂದಕ್ಕೊಂದು ಡಿಕ್ಕಿ ಹೊಡೆದು ಎಲ್ಲಿ ಜಗಳ ಅಂತ ಫೈಲಲ್ಲೇ ಗುರುತು ಬಿತ್ತು. ಹೋಮ್ ಪೇಜ್ ಮೇಲೆ ಸಾಲಾಗಿ ಏಳು ಲೆಸ್ ದ್ಯಾನ್ ಚಿಹ್ನೆ, ಪಕ್ಕದಲ್ಲಿ ಹೆಡ್ ಅಂತ ದಪ್ಪಕ್ಷರ. ನಾನು ಅದನ್ನ ನೋಡಿ "ಈ ಬಾಣದ ಡಿಸೈನ್ ಮಸ್ತಾಗಿದೆ ಕಣೋ, ಹೀಗೇ ಇರ್ಲಿ" ಅಂದೆ. ಆಮೇಲೆ ಬೆಳಗಿನವರೆಗೂ ಯಾರೂ ನನ್ ಜೊತೆ ಮಾತಾಡಲಿಲ್ಲ.

ನಿದ್ದೆ ಬರಬಾರದು ಅಂತ ಹ್ಯಾಕಥಾನ್ ಇತಿಹಾಸ ಓದ್ತಾ ಕೂತೆ. 1999ರ ಜೂನ್‌ನಲ್ಲಿ ಓಪನ್‌ಬಿಎಸ್‌ಡಿ ಅನ್ನೋ ಆಪರೇಟಿಂಗ್ ಸಿಸ್ಟಮ್ಮಿನ ಡೆವಲಪರ್‌ಗಳು ಹತ್ತು ಜನ ಹ್ಯಾಕಥಾನ್‌ಗೆ ಅಂತ ಕೆನಡಾದ ಕ್ಯಾಲ್ಗರಿಯಲ್ಲಿ ಸೇರಿದ್ರಂತೆ, ಅಮೆರಿಕದಲ್ಲಿ ಎನ್‌ಕ್ರಿಪ್ಶನ್ (ಮಾಹಿತಿನ ಗುಟ್ಟಾಗಿಡೋ) ಕೋಡ್ ರಫ್ತಿಗೆ ಕಾನೂನಿನ ತೊಡಕು ಅಂತ. ಅಂದ್ರೆ ಅವ್ರು ತಪ್ಪಿಸ್ಕೊಂಡಿದ್ದು ಒಂದು ದೇಶದ ಕಾನೂನಿಂದ. ಜಡ್ಜ್‌ಗಳ ಮುಂದೆ ಐಡಿಯಾ ಒಪ್ಪಿಸೋ ಮೂರು ನಿಮಿಷದ ಪಿಚ್ಚಿಂದ ತಪ್ಪಿಸ್ಕೊಳ್ಳೋಕೆ ಯಾವ ದೇಶಕ್ಕೆ ಹೋಗ್ಬೇಕೋ ಅದರಲ್ಲಿ ಬರೆದಿರಲಿಲ್ಲ.

ಬೆಳಗ್ಗೆ ಐದಕ್ಕೆ ತೆರೆಮರೆಯ ಸರ್ವರ್ ಕೆಲಸ ನೋಡ್ಕೊಳ್ಳೋ ನಮ್ ಬ್ಯಾಕೆಂಡ್ ಮಹಾಶಯ ಎಲ್ಲಾನೂ ಲ್ಯಾಪ್‌ಟಾಪಿಂದ ಕ್ಲೌಡ್ ಸರ್ವರ್‌ಗೆ ಹಾಕಿದ. "ಇನ್ನೊಂದ್ಸಲ ಟೆಸ್ಟ್ ಮಾಡೋಣ್ವಾ?" ಅಂದೆ. "ನನ್ ಲ್ಯಾಪ್‌ಟಾಪಲ್ಲಿ ಓಡ್ತಿದ್ಯಲ್ಲ" ಅಂತ ಮಲಗಿಬಿಟ್ಟ.

ಪಿಚ್ 11:40ಕ್ಕೆ. ಮೂರು ನಿಮಿಷಕ್ಕೆ ನನ್ ಹತ್ರ ಇಪ್ಪತ್ತೆರಡು ಸ್ಲೈಡ್. ಮೊದಲ ನಿಮಿಷ ಪ್ರೊಜೆಕ್ಟರ್ ಕೇಬಲ್ಲು ಲ್ಯಾಪ್‌ಟಾಪಿಗೆ ಹೊಂದಲ್ಲ ಅನ್ನೋದ್ರಲ್ಲಿ ಹೋಯ್ತು. ಕೊನೆಗೆ ಸ್ಲೈಡ್ ಬಂತು, ಕನ್ನಡ ಫಾಂಟ್ ಇಲ್ದೆ ಬರೀ ಚೌಕ ಚೌಕ. ಹಾಳಾಗ್ಲಿ ಅಂತ ಸೀದಾ ಡೆಮೋಗೆ ಹಾರಿದೆ. ಹಿರಿಯ ಜಡ್ಜ್ ಒಬ್ಬರು ಧೈರ್ಯವಾಗಿ ತಮ್ಮ ನಂಬರ್ ಕೊಟ್ರು, 11:42ಕ್ಕೆ ಮಾತ್ರೆ ಟೈಮ್ ಸೆಟ್ ಮಾಡಿದ್ವಿ.

11:42 ಆಯ್ತು. ಜಡ್ಜ್ ಫೋನ್ ಮೇಜಿನ ಮೇಲೆ ತಣ್ಣಗೆ ಮಲಗಿದೆ. ಇಡೀ ಹಾಲ್ ಅದನ್ನೇ ನೋಡ್ತಿದೆ. "ನೆಟ್‌ವರ್ಕ್ ಸ್ವಲ್ಪ..." ಅಂದೆ. ಅವರು ಫೋನ್ ಎತ್ತಿ ಫುಲ್ ಸಿಗ್ನಲ್ ತೋರಿಸಿದ್ರು. ಅಷ್ಟರಲ್ಲಿ ಬೆಲ್ ಹೊಡೀತು. "ರೆವೆನ್ಯೂ ಮಾಡೆಲ್ ಏನಪ್ಪಾ?" ಅಂತ ಒಬ್ರು ಕೇಳಿದ್ರು, ಪಾಪ, ಕರುಣೆಯಿಂದ.

ಸಂಜೆ ಪ್ರೈಜ್ ಕೊಡೋ ಹೊತ್ತು. ಅದೇ ಹಿರಿಯರು ಮೈಕ್ ಹಿಡಿದು "ಈ ಸಲದ ಫಸ್ಟ್ ಪ್ರೈಜ್..." ಅನ್ನೋಷ್ಟರಲ್ಲಿ ಅವರ ಜೇಬು ರಿಂಗಾಯ್ತು. ಟೈಮ್ 5:12. ಕಟ್ ಮಾಡಕ್ಕೆ ಹೋಗಿ ಗಡಿಬಿಡಿಲಿ ಸ್ಪೀಕರ್ ಆನ್ ಮಾಡಿದ್ರು, ಮೈಕ್ ಪಕ್ಕದಲ್ಲೇ. ಹಾಲ್ ತುಂಬಾ ವಸೂಲಿ ದನಿ: "ಮಾತ್ರೆ ತಗೊಂಡ್ರಾ?"

ಬ್ಯಾಕೆಂಡ್ ಮಹಾಶಯನ ಮುಖ ಬಿಳಿಚಿಕೊಳ್ತು. "ಸರ್ವರ್ ಯುಟಿಸಿ ಟೈಮಲ್ಲಿದೆ ಕಣೋ, ಅದು ಜಾಗತಿಕ ಸಮಯ, ನಮ್ ಇಂಡಿಯಾ ಟೈಮಿಗಿಂತ ಐದೂವರೆ ಗಂಟೆ ಹಿಂದೆ" ಅಂತ ಪಿಸುಗುಟ್ಟಿದ. ಸರಿ, ಈಗ ಆಫ್ ಮಾಡು ಅಂದೆ. ಪಾಸ್‌ವರ್ಡ್ ಡಿಸೈನರ್ ಹುಡುಗಿ ಹತ್ರ ಇದೆ ಅಂದ. ಅವಳು ಮೂಲೇಲಿ ಬ್ಯಾಗ್ ತಲೆದಿಂಬು ಮಾಡ್ಕೊಂಡು ನಿದ್ದೆ ಹೊಡೀತಿದ್ಲು.

5:14ಕ್ಕೆ ಮತ್ತೆ ರಿಂಗ್. ಹಾಲ್ ಬಿದ್ದು ಬಿದ್ದು ನಗ್ತಿದೆ, ಪ್ರೈಜ್ ಗೆದ್ದೋರು ಅರ್ಧ ಸ್ಟೇಜ್ ಹತ್ತಿ ನಿಂತಿದಾರೆ.

5:16ಕ್ಕೆ ಮೂರನೇ ಸಲ ಬಂದಾಗ ಅವರು ನಮ್ ಕಡೆ ತಿರುಗಿ ನೋಡಿ, ಕನ್ನಡಕ ಮೇಲೆತ್ತಿ, ಸಾವಕಾಶವಾಗಿ ಒಂದು ಒತ್ತಿದ್ರು.

ನಮ್ ಡೇಟಾಬೇಸಲ್ಲಿ ಇವತ್ತಿಗೂ ಇರೋದು ಅದೊಂದೇ ಎಂಟ್ರಿ.