ಹುಲಿಯಾ ಅನ್ನದ ಉಳ್ಳಾಗಡ್ಡಿ ಸರದಾರ

ನಮ್ಮ ಹುಬ್ಬಳ್ಳಿ ಹುಡುಗರು ಗೇಮ್ ಆಫ್ ಥ್ರೋನ್ಸ್ ನೋಡಬಾರದು ಅಂತ ಯಾರಾದರೂ ಆದೇಶ ಹೊರಡಿಸಿದರೆ ಒಳ್ಳೇದು. ಡ್ರ್ಯಾಗನ್ನು, ಹೊಡೆದಾಟ, ಆ ಇನ್ನೊಂದು ಥರದ ದೃಶ್ಯಗಳ ಕಾರಣಕ್ಕಲ್ಲ. ಆ ಧಾರಾವಾಹಿಯಲ್ಲಿ ಹಿಂದೆ ಕೈಕಟ್ಟಿ ನಿಲ್ಲಬೇಕಾದವರೆಲ್ಲ ರಾಜನ ಮುಖಕ್ಕೇ ಮಾತಾಡುತ್ತಾರೆ. ಇದು ಭಾಳ ಡೇಂಜರ್.

ಡಾವೊಸ್ ಅಂತ ಒಬ್ಬನಿದ್ದಾನೆ, ಕಳ್ಳಸಾಗಣೆಯವನು. ಮುಂದೆ ತಾನೇ ರಾಜ ಅಂತ ಹೊರಟ ಸ್ಟ್ಯಾನಿಸ್, ಒಮ್ಮೆ ಮುತ್ತಿಗೆಯಲ್ಲಿ ಹಸಿದು ಕೂತಿದ್ದಾಗ ಅವನ ಕೋಟೆಗೆ ಉಳ್ಳಾಗಡ್ಡಿ ಸಾಗಿಸಿ ಜೀವ ಉಳಿಸಿದ. ಸ್ಟ್ಯಾನಿಸ್ ಅದಕ್ಕೆ ಸರದಾರ ಪದವಿ ಕೊಟ್ಟ, ಹಳೇ ಕಳ್ಳತನಕ್ಕೆ ಬೆರಳಿನ ತುದಿಗಳನ್ನೂ ಕತ್ತರಿಸಿದ. ಇಷ್ಟಾದ ಮೇಲೆ ಮನುಷ್ಯ ಸುಮ್ನಿರಬೇಕಲ್ವಾ? ಇಲ್ಲ. ಮಾಟಗಾತಿಯ ಮಾತು ಕೇಳಿ ರಾಜ ತನ್ನ ಅಣ್ಣನ ಮಗನನ್ನೇ ಬಲಿ ಕೊಡಲು ಹೊರಟಾಗ ಬೇಡ ಅಂತ ವಾದಿಸಿದ, ಕೇಳದಿದ್ದಾಗ ರಾತ್ರೋರಾತ್ರಿ ಆ ಹುಡುಗನನ್ನು ದೋಣಿ ಹತ್ತಿಸಿ ಕಳಿಸಿದ, ಆಮೇಲೆ ತಾನೇ ರಾಜನ ಮುಂದೆ ನಿಂತು ನಾನೇ ಬಿಟ್ಟಿದ್ದು ಅಂದ. ಮರಣದಂಡನೆ ಆಯಿತು. ಉತ್ತರದ ಗಡಿಗೋಡೆಯ ಕಾವಲುಗಾರರು ನೆರವು ಕೇಳಿ ಬರೆದಿದ್ದ ಒಂದು ಪತ್ರ ಅವನ ತಲೆ ಉಳಿಸಿತು. ಇಂಥವನು ಅಮರಗೋಳದ ಎಪಿಎಂಸಿಗೆ ಉಳ್ಳಾಗಡ್ಡಿ ತಂದಿದ್ದರೆ ಹಮಾಲಿ ಲೆಕ್ಕ ಕೇಳುವುದರಲ್ಲೇ ಅರ್ಧ ದಿನ ಕಳೆಯುತ್ತಿದ್ದ.

ಇನ್ನು ಲಿಯಾನಾ ಮಾರ್ಮಂಟ್. ಅದೇ ಧಾರಾವಾಹಿಯಲ್ಲಿ ಒಂದು ಸಣ್ಣ ದ್ವೀಪದ ಒಡತಿ, ಮೊದಲು ಬಂದಾಗ ಹತ್ತು ವರ್ಷದ ಹುಡುಗಿ. ಸೈನ್ಯ ಎಷ್ಟು? 62 ಜನ. ನಮ್ಮಲ್ಲಿ ಒಂದು ಗಣಪತಿ ಮಂಡಳಿಗೆ ಅದಕ್ಕಿಂತ ಜಾಸ್ತಿ ಪದಾಧಿಕಾರಿಗಳಿರುತ್ತಾರೆ. 2019ರ ಕೊನೆಯ ಸೀಸನ್ನಿನಲ್ಲಿ, ತಾವೇ ಆರಿಸಿದ ರಾಜ ಕಿರೀಟ ಬಿಟ್ಟುಕೊಟ್ಟು ಊರಿಗೆ ಬಂದರೆ, ಈಕೆ ತುಂಬಿದ ಸಭೆಯಲ್ಲಿ ಎದ್ದು ನಿಂತು, ಹೋಗುವಾಗ ರಾಜನಾಗಿದ್ದೆ, ಈಗ ಏನಾಗಿ ಬಂದೆ ಅಂತ ಕೇಳಿಬಿಡುತ್ತಾಳೆ.

ಅದೇ 2019ರಲ್ಲಿ ಕಾಗವಾಡದ ಉಪಚುನಾವಣೆ ಸಭೆಯಲ್ಲಿ ಸಿದ್ದರಾಮಯ್ಯ ಭಾಷಣ ಮಾಡುವಾಗ ಜನರ ನಡುವಿನಿಂದ ಒಬ್ಬ ‘ಹೌದು ಹುಲಿಯಾ’ ಅಂದ. ಇಡೀ ರಾಜ್ಯ ಕುಣಿಯಿತು. ಪೋಷಕ ಪಾತ್ರದ ಡೈಲಾಗ್ ಅಂದ್ರೆ ಹಿಂಗಿರಬೇಕು.

ಅವಳಿ ನಗರದಲ್ಲಿ 82 ವಾರ್ಡುಗಳಿವೆ, ಒಂದೊಂದಕ್ಕೂ ನಾಲ್ಕೈದು ಅಣ್ಣಾರು. ಅಂಥ ಒಬ್ಬರ ಕಾರು ಓಣಿಯ ತೆಗ್ಗಿನಲ್ಲಿ ಧಡ್ ಅಂತ ಇಳಿದು ಮೇಲೆದ್ದು ಬಂದು ನಿಲ್ಲುತ್ತದೆ.

“ರಸ್ತಾ ಹೆಂಗ್ ಆಗೇತಿ?”

“ಮಸ್ತ್ ಆಗೇತ್ರಿ ಅಣ್ಣಾರ. ನಡುವ ಒಂದೀಟ ತೆಗ್ಗೈತ್ರಿ, ಸ್ಪೀಡ್ ಕಂಟ್ರೋಲಿಗೆ ಚಲೋ ಆತ್ರಿ.”

ಹೀಗೆ ಅಂದ ಓಣಿ ಹುಡುಗನ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಏನಿತ್ತು ಗೊತ್ತಾ? ಲಿಯಾನಾಳ ಅದೇ ಕ್ಲಿಪ್ಪು, ಕೆಳಗೆ ‘ಡೇರಿಂಗ್ ಅಂದ್ರ ಇದು’ ಅಂತ ಒಕ್ಕಣೆ, ಮೂರು ಬೆಂಕಿ.

ಹಾಗಂತ ಇವನಿಗೆ ಧೈರ್ಯ ಇಲ್ಲ ಅನ್ನಬೇಡಿ. ಅಣ್ಣಾರ ಹುಟ್ಟುಹಬ್ಬದ ಫ್ಲೆಕ್ಸ್ ಬಂತು. ಅಣ್ಣಾರು ಆಳೆತ್ತರ, ಕೂಲಿಂಗ್ ಗ್ಲಾಸು, ಹಿಂದೆ ಒಂದು ಸಿಂಹ. ಕೆಳಗೆ ‘ಶುಭ ಕೋರುವವರು’ ಅಂತ ಕೇರಂ ಕಾಯಿಯಷ್ಟಗಲದ ಮುಖಗಳು. ಹೋದ ವರ್ಷ ಎರಡನೇ ಸಾಲಿನಲ್ಲಿದ್ದ ಇವನು ಈ ಸಲ ನಾಲ್ಕನೇ ಸಾಲಿಗೆ ಇಳಿದಿದ್ದ. ಅವತ್ತು ನೋಡಬೇಕಿತ್ತು ನೀವು! ಡಾವೊಸ್ಸು, ಲಿಯಾನಾ ಇಬ್ಬರೂ ಮೈಮೇಲೆ ಬಂದವರಂಗೆ ಸೀದಾ ಅಣ್ಣಾರ ಮನೆಗೇ ನುಗ್ಗಿದ.

“ಇಷ್ಟ್ ವರ್ಷ ನಿಮ್ಮ ಹಿಂದ ತಿರುಗೇನ್ರಿ ಅಣ್ಣಾರ. ನನ್ನ ಮಾರಿ ನಿಮ್ಮ ಬೂಟಿನ ಹಂತ್ಯಾಕ ಹಾಕ್ಸೀರಲ್ರಿ! ತತ್ವ ಅನ್ನೂದು ಇರಬೇಕ್ರಿ ಮನಷ್ಯಾಗ.”

ಫೋನು ಸ್ವಿಚ್ ಆಫ್. ಎದುರು ಪಾರ್ಟಿಯವರ ಜೊತೆ ಚಾ ಕುಡಿದ ಫೋಟೋ ಊರೆಲ್ಲ ಓಡಾಡಿತು. ಅಣ್ಣಾರು ಬೆವರಿದರು, ರಸ್ತೆಗೆ ಎಂದೂ ಬೆವರದವರು. ಸಾವಜಿ ಖಾನಾವಳಿಯಲ್ಲಿ ಸಂಧಾನವಾಗಿ, ಎರಡೇ ದಿನದಲ್ಲಿ ಹೊಸ ಫ್ಲೆಕ್ಸ್ ಬಂತು. ಇವನು ಈಗ ಮೊದಲನೇ ಸಾಲು, ಅಣ್ಣಾರ ಮೊಣಕೈ ಮಟ್ಟಕ್ಕೆ. ಅದನ್ನು ಓಣಿಯಲ್ಲೇ ನಿಲ್ಲಿಸಿದರು. ಗೂಟಕ್ಕೆ ಹೊಸದಾಗಿ ತೆಗ್ಗು ತೋಡುವ ಖರ್ಚೂ ಉಳಿಯಿತು, ರಸ್ತೆ ನಡುವಿನದೇ ಸರಿಹೋಯಿತು.