ಬೆನ್ನ ಹಿಂದಿನ ಮಾತು

ಬಲಗಡೆಯ ಸ್ಪೀಕರ್‌ನಲ್ಲಿ ಹಾಡುವವರೆಲ್ಲ ಇದ್ದಕ್ಕಿದ್ದಂತೆ ‘ಸ’ ಹೇಳುವುದನ್ನು ಮರೆತರು. ‘ಸಂಜೆ’ ಹೋಗಿ ‘ಶಂಜೆ’ ಆಯಿತು. ‘ಸರಸ’ ಹೋಗಿ ‘ಶರಶ’ ಆಯಿತು. ಎಡಗಡೆಯದು ಅಷ್ಟು ಕೆಟ್ಟಿರಲಿಲ್ಲ. ಹಾಗಾಗಿ ಒಂದೇ ಹಾಡು, ಒಂದೇ ಗಂಟಲು, ಎಡಗಿವಿಗೆ ಕನ್ನಡ ಮೇಷ್ಟ್ರು ಹಾಡಿದಂತೆ, ಬಲಗಿವಿಗೆ ಹಲ್ಲು ಕಟ್ಟಿಸಿಕೊಂಡವರು ಹಾಡಿದಂತೆ ಕೇಳುತ್ತಿತ್ತು.

ಹೆಂಡತಿಯನ್ನು ಕರೆದು ಕೇಳಿಸಿದೆ. “ಚೆನ್ನಾಗೇ ಇದೆಯಲ್ಲ ರೀ, ನನಗೇನೂ ಗೊತ್ತಾಗ್ತಿಲ್ಲ” ಎಂದಳು. ಅಲ್ಲಿಗೇ ಬಿಟ್ಟಿದ್ದರೆ ಮೂರು ದಿನ ಉಳಿಯುತ್ತಿತ್ತು. ಬಾಗಿಲ ಹಿಡಿಯೂ ಉಳಿಯುತ್ತಿತ್ತು.

ಈ ಜೋಡಿ ಸ್ಪೀಕರ್‌ಗಳು 1970ರ ದಶಕದವು. ಚಿಕ್ಕಪ್ಪ ಕೊಟ್ಟಿದ್ದು. ಒಂದೊಂದೂ ಒಬ್ಬ ಮನುಷ್ಯ ಸೊಂಟ ಹಿಡಿಸಿಕೊಳ್ಳುವಷ್ಟು ಭಾರ. ಕೆಳಗೆ ದಪ್ಪ ಸದ್ದು ಹೊರಡಿಸುವ ದೊಡ್ಡ ವೂಫರ್, ಮೇಲೆ ಕೀಚಲು ಸದ್ದು ಹೊರಡಿಸುವ ಪುಟಾಣಿ ಟ್ವೀಟರ್. ನಾಯಿ ಬೊಗಳುವ ‘ವೂಫ್’ನಿಂದ ಒಂದಕ್ಕೆ ಹೆಸರು, ಹಕ್ಕಿಯ ‘ಟ್ವೀಟ್’ನಿಂದ ಇನ್ನೊಂದಕ್ಕೆ. ನಮ್ಮಲ್ಲಿ ನಾಯಿ ಗಟ್ಟಿಮುಟ್ಟಾಗಿತ್ತು. ಕೆಟ್ಟಿದ್ದು ಹಕ್ಕಿ.

ನನ್ನ ಪುಣ್ಯಕ್ಕೆ ಇದು ನಾಲ್ಕು ಸ್ಕ್ರೂ ಬಿಚ್ಚಿದರೆ ಮುಂದಿನ ತಟ್ಟೆ, ಅದುರಿ ಸದ್ದು ಮಾಡುವ ಡೋಮ್ ಸಮೇತ ಎದ್ದು ಬರುವ ಜಾತಿ. ಪೂರ್ತಿ ಅಂಟಿಸಿಬಿಟ್ಟಿರುವ ಜಾತಿಯೂ ಇದೆ, ಅದನ್ನು ಬಿಚ್ಚುವುದು ಎಂದರೆ ಒಡೆಯುವುದು ಎಂದೇ ಅರ್ಥ. ನಾಲ್ಕು ಸ್ಕ್ರೂ ಏನು ಮಹಾ ಅಂದುಕೊಂಡು ಕೂತೆ. ಟ್ವೀಟರ್‌ನ ಬೆನ್ನಿಗೆ ಒಂದು ಅಯಸ್ಕಾಂತ ಇದೆ ಎನ್ನುವುದು ನನಗೆ ಗೊತ್ತಿರಲಿಲ್ಲ ಎಂದೇನಲ್ಲ. ಆದರೆ ನನ್ನ ಸ್ಕ್ರೂಡ್ರೈವರ್ ಕಬ್ಬಿಣದ್ದು ಎನ್ನುವುದು ಅದೇ ಹೊತ್ತಿಗೆ ನೆನಪಾಗಬೇಕಿತ್ತಲ್ಲ. ಮೂರನೇ ಸ್ಕ್ರೂ ಹತ್ತಿರ ಯಾರೋ ಕೈ ಹಿಡಿದು ಎಳೆದಂತಾಯಿತು. ‘ಟಪ್’. ಗುಂಡಗಿನ ಡೋಮ್ ನಡುವೆ ಒಂದು ಹೊಕ್ಕುಳು ಮೂಡಿತ್ತು.

ಅದು ಬಟ್ಟೆಯ ಮೆತ್ತನೆ ಡೋಮ್ ಆಗಿದ್ದರಿಂದ ಬದುಕಿದೆ. ಬಿಚ್ಚಿದ ಮೇಲೆ ಒಳಗಿನಿಂದ ಹತ್ತಿ ಸುತ್ತಿದ ಕಡ್ಡಿಯಲ್ಲಿ ಮೆಲ್ಲಗೆ ಒತ್ತಿದೆ, ‘ಪುಸಕ್’ ಎಂದು ಎದ್ದು ಕೂತಿತು. ಲೋಹದ್ದಾಗಿದ್ದರೆ ಆ ಸುಕ್ಕು ಜೀವಮಾನಕ್ಕೂ ಹೋಗುತ್ತಿರಲಿಲ್ಲ. ನಾಲ್ಕನೇ ಸ್ಕ್ರೂ ಮಾತ್ರ ಮಾಯ. ಮೇಜಿನ ಕೆಳಗೆ, ಸೋಫಾ ಸಂದಿಯಲ್ಲಿ, ನನ್ನ ಜೇಬಿನಲ್ಲಿ, ಎಲ್ಲ ಕಡೆ ಅರ್ಧ ಗಂಟೆ ಹುಡುಕಿದೆ. ಮಗ ಬಂದವನೇ ಟ್ವೀಟರನ್ನು ಮಗುಚಿ ಹಾಕಿ, ಅಯಸ್ಕಾಂತದ ಹಿಂಬದಿಗೆ ಅಂಟಿಕೊಂಡಿದ್ದ ಸ್ಕ್ರೂ ತೋರಿಸಿ, ಏನೂ ಮಾತಾಡದೆ ಹೋದ. ಆ ಮೌನಕ್ಕಿಂತ ಎರಡು ಮಾತು ಬೈದಿದ್ದರೆ ವಾಸಿ ಇತ್ತು.

ಇನ್ನು ಒಳಗಿನ ವಿಷಯ. ಡೋಮ್ ಹಿಂದೆ, ನಡುವಿನ ಕಬ್ಬಿಣದ ದಿಂಡಿನ ತಲೆಯ ಮೇಲೆ, ಒಂದು ಬಿಲ್ಲೆ ಫೋಮ್ ಇರಬೇಕಿತ್ತು. ಅಲ್ಲಿದ್ದದ್ದು ಕಪ್ಪು ಮೇಣದಂಥ ಏನೋ ಒಂದು. ಮುಟ್ಟಿದೆ. ಮುಟ್ಟಬಾರದಿತ್ತು.

ಆ ಫೋಮ್‌ಗೆ ಅಲ್ಲೇನು ಕೆಲಸ ಅಂತೀರಾ? ಡೋಮ್ ಮುಂದಕ್ಕೆ ಎಷ್ಟು ಮಾತಾಡುತ್ತದೋ ಹಿಂದಕ್ಕೂ ಅಷ್ಟೇ ಮಾತಾಡುತ್ತದೆ. ಮುಂದಿನ ಮಾತು ನಮಗೆ. ಬೆನ್ನ ಹಿಂದಿನ ಮಾತು ಆ ದಿಂಡಿನ ತಲೆಗೆ ಬಡಿದು ವಾಪಸ್ ಬಂದು, ತೆಳ್ಳನೆ ಡೋಮ್ ಹಾಯ್ದು, ಮುಂದಿನ ಮಾತಿಗೆ ಬೆರೆತು ಅದನ್ನು ಕೆಡಿಸುತ್ತದೆ. ನೆಂಟರಿಷ್ಟರ ನಡುವೆ ಆಗುವುದೂ ಇದೇ, ಅಲ್ವಾ? ಫೋಮ್‌ನ ಕೆಲಸ ಆ ಬೆನ್ನ ಹಿಂದಿನ ಮಾತನ್ನು ಅಲ್ಲಲ್ಲೇ ನುಂಗಿಕೊಂಡು ಸುಮ್ನೆ ಕೂರುವುದು. ‘ಸ’ ಎಂಬ ಅಕ್ಷರದ ಸದ್ದು ಜಾಸ್ತಿ ಇರುವುದೇ 4,000 ಹರ್ಟ್ಸ್‌ಗಿಂತ ಮೇಲೆ, ‘ಶ’ದ್ದು ಅದಕ್ಕಿಂತ ಸ್ವಲ್ಪ ಕೆಳಗಿನಿಂದಲೇ ಶುರು. ಎರಡೂ ಟ್ವೀಟರ್‌ನ ಪಾಲಿಗೆ ಬರುವಂಥವೇ. ಹಾಗಾಗಿ ಅದು ಕೆಟ್ಟರೆ ಮೊದಲು ತಿಳಿಯುವುದು ಈ ಅಕ್ಷರಗಳಲ್ಲಿ.

ಇದು ಪಾಲಿಯುರೆಥೇನ್ ಫೋಮ್. ಪಾಲಿಯುರೆಥೇನನ್ನು 1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ಮತ್ತು ಸಂಗಡಿಗರು ಕಂಡುಹಿಡಿದರು. ಇದರಲ್ಲಿ ಎರಡು ಪಂಗಡ. ಒಂದು ಗಾಳಿಯಲ್ಲಿರುವ ತೇವ ಕುಡಿದು ಕುಡಿದು ಒಳಗಿನ ಕೊಂಡಿ ಕಳಚಿಕೊಂಡು ಅಂಟಾಗುತ್ತದೆ. ಇನ್ನೊಂದು ಬೆಳಕು, ಆಮ್ಲಜನಕ ತಾಗಿ ತಾಗಿ ಪುಡಿಪುಡಿ ಆಗುತ್ತದೆ. ಉಪಯೋಗಿಸಿದರೂ ಸರಿ, ಡಬ್ಬಿಯಲ್ಲಿ ಮುಚ್ಚಿಟ್ಟರೂ ಸರಿ, ಗತಿ ಇದೇ. ಮ್ಯೂಸಿಯಂಗಳಲ್ಲಿ 1960ರ ದಶಕದ ಫೋಮ್ ಕುರ್ಚಿಗಳನ್ನು ಇಟ್ಟುಕೊಂಡವರೂ ಇದೇ ಕಾಯಿಲೆಗೆ ತಲೆ ಚಚ್ಚಿಕೊಳ್ಳುತ್ತಿದ್ದಾರೆ. ಪುಡಿಯಾಗುವ ಪಂಗಡ ಬಂದಿದ್ದರೆ ‘ಉಫ್’ ಎಂದು ಊದಿ ಮುಗಿಸಬಹುದಿತ್ತು. ನನ್ನ ಹಣೆಗೆ ಅಂಟಿದ್ದು ಅಂಟೇ.

ಹಣೆಗೂ ನಿಜವಾಗಿಯೇ ಅಂಟಿತ್ತು. ಬೆರಳಿನಿಂದ ಕನ್ನಡಕಕ್ಕೆ, ಕನ್ನಡಕದಿಂದ ಹಣೆಗೆ, ಅಲ್ಲಿಂದ ಫೋನಿಗೆ, ಫೋನಿನಿಂದ ಕಿವಿಗೆ. ಸೋಪು ಹಚ್ಚಿದೆ, ಸೋಪಿಗೂ ಅಂಟಿತು. “ರೀ, ಈ ಬಾಗಿಲ ಹಿಡಿಗೆ ಏನು ಮೆತ್ತಿದ್ದೀರಿ?” ಎಂಬ ಕೂಗು ಬಂದಾಗ ನಾನು ಹೆಂಡತಿಯ ನೇಲ್ ಪಾಲಿಶ್ ತೆಗೆಯುವ ಬಾಟಲಿಯನ್ನು ಹುಡುಕುತ್ತಿದ್ದೆ. ಅದರಲ್ಲಿ ಅಸಿಟೋನ್ ಇತ್ತು. ಅಸಿಟೋನ್ ಅಂಟನ್ನು ಬಿಡಿಸಿತು, ನಿಜ. ಜೊತೆಗೆ ಟ್ವೀಟರ್‌ನ ಪ್ಲಾಸ್ಟಿಕ್ ತಟ್ಟೆಯ ಮೇಲಿದ್ದ ಅಕ್ಷರಗಳನ್ನೂ, ಬಾಗಿಲ ಹಿಡಿಯ ಬಣ್ಣವನ್ನೂ ಬಿಡಿಸಿತು. ಹೇಳಿದ ಕೆಲಸ ಮಾಡಿ ಸುಮ್ಮನಿರದೆ, ಹೇಳದ್ದನ್ನೂ ಮಾಡಿ ಬರುವ ಹುಡುಗರಿರುತ್ತಾರಲ್ಲ, ಆ ಥರ.

ಮಾರನೇ ದಿನ ಬುದ್ಧಿ ಬಂದು ಐಸೊಪ್ರೊಪೈಲ್ ಆಲ್ಕೊಹಾಲ್ ತಂದೆ. ಹತ್ತಿ ಕಡ್ಡಿಗೆ ತುಸು ಹಚ್ಚುವುದು, ಒರೆಸುವುದು, ಕಡ್ಡಿ ಬಿಸಾಡುವುದು. ಒಂದು ಡಬ್ಬಿ ಕಡ್ಡಿ ಮುಗಿಯಿತು. ಡೋಮನ್ನು ಅಲುಗಾಡಿಸುವ ತಂತಿ ಸುರುಳಿ, ಅಂದರೆ ವಾಯ್ಸ್ ಕಾಯಿಲ್ ಹತ್ತಿರ ಮಾತ್ರ ದ್ರವ ಹೋಗದಂತೆ ನೋಡಿಕೊಂಡೆ, ಅದರ ಸುರುಳಿ ಹಿಡಿದಿಟ್ಟಿರುವುದೂ ಒಂದು ಅಂಟೇ ತಾನೇ. ಆ ಕಾಯಿಲ್ ಇಳಿಯುವ ಸಂದು ಹೆಚ್ಚು ಕಮ್ಮಿ ಒಂದು ಮಿಲಿಮೀಟರ್. ಅದರೊಳಗೆ ಹತ್ತಿ ಹೋಗುವುದಿಲ್ಲ, ಹೋದರೆ ಎಳೆ ಬಿಟ್ಟು ಬರುತ್ತದೆ. ತೆಳ್ಳನೆ ರಟ್ಟಿನ ಪಟ್ಟಿಗೆ ಮಾಸ್ಕಿಂಗ್ ಟೇಪನ್ನು ಅಂಟು ಹೊರಗೆ ಬರುವಂತೆ ಸುತ್ತಿ, ಸಂದಿನಲ್ಲಿ ಒಂದು ಸುತ್ತು ತಿರುಗಿಸಿ ತೆಗೆದೆ. ಕಪ್ಪು ಚೂರು, ಎರಡು ಕಬ್ಬಿಣದ ಕಣ, ಒಂದು ಬಿಳಿ ಕೂದಲು ಬಂತು. ಕೂದಲು ನನ್ನದೇ, ಹಿಂದಿನ ದಿನದ್ದು.

ಹೊಸ ಫೋಮ್ ಹುಡುಕುವುದರಲ್ಲಿ ಇನ್ನೊಂದು ಪಾಠ. ಮನೆಯಲ್ಲಿದ್ದ ಪ್ಯಾಕಿಂಗ್ ಫೋಮ್ ಕತ್ತರಿಸಿ ಇಟ್ಟು, ಎಷ್ಟು ಸುಲಭ ಎಂದು ಬೀಗಿದೆ. ಮಗ ಒಂದು ತುಂಡು ತೆಗೆದುಕೊಂಡು ಬಾಯಿಗಿಟ್ಟು ಊದಿದ. ಉಸಿರು ಆಚೆ ಹೋಗಲಿಲ್ಲ. “ಅಪ್ಪ, ಗಾಳಿನೇ ಒಳಗೆ ಹೋಗ್ತಿಲ್ಲ, ಸದ್ದು ಹೆಂಗೆ ಹೋಗತ್ತೆ?” ಅವನು ಹೇಳಿದ್ದು ಸರಿ. ಅದರ ಗುಳ್ಳೆಗಳೆಲ್ಲ ಬಾಗಿಲು ಹಾಕಿಕೊಂಡ ಮನೆಗಳು. ಸದ್ದು ನುಂಗಲು ಬೇಕಾದ್ದು ಗುಳ್ಳೆಯಿಂದ ಗುಳ್ಳೆಗೆ ದಾರಿ ಇರುವ ಫೋಮ್. ಉಣ್ಣೆಯ ಫೆಲ್ಟ್ ಹಾಕಿದರೂ ನಡೆಯುತ್ತದೆ, ಅದು ಹೀಗೆ ಅಂಟಾಗುವುದೂ ಇಲ್ಲ. ಆದರೆ ನಾನು ಅಷ್ಟರಲ್ಲಿ ಒಂದು ಹಾಳೆ ಫೋಮ್ ತಂದಾಗಿತ್ತು.

ಬಿಲ್ಲೆಯಂತೆ ಕತ್ತರಿಸಲು ಹೋದರೆ ಕತ್ತರಿ ಕೆಳಗೆ ಫೋಮ್ ಅದುಮಿಕೊಂಡು, ಬಿಟ್ಟ ಮೇಲೆ ಎಳೆದ ಮೊಟ್ಟೆಯಂತೆ ಆಗುತ್ತದೆ. ಏಳನೆಯದು ಗುಂಡಗೆ ಬಂತು. ಗುಂಡಗೆ ಬಂದ ಖುಷಿಯಲ್ಲಿ ದಪ್ಪ ನೋಡಲಿಲ್ಲ. ಜೋಡಿಸಿ ಹಾಡು ಹಾಕಿದರೆ ಗಾಯಕಿಗೆ ಜೋರು ನೆಗಡಿ. ಫೋಮ್ ಹೋಗಿ ಡೋಮ್‌ಗೇ ತಾಗುತ್ತಿತ್ತು. ಬೆನ್ನ ಹಿಂದಿನ ಮಾತು ಕೇಳಿಸಿಕೊಳ್ಳಲು ಇಟ್ಟವನು ಬೆನ್ನಿಗೇ ಒರಗಿ ನಿಂತಿದ್ದ. ಬಿಚ್ಚಿ ಅರ್ಧ ದಪ್ಪ ಮಾಡಿದೆ.

ಎಡಗಡೆಯದನ್ನೂ ಬಿಚ್ಚಿದೆ, ಅದರೊಳಗೂ ಅದೇ ಅಂಟು. ಈ ಸಲ ಇಪ್ಪತ್ತು ನಿಮಿಷದ ಕೆಲಸ. ಎರಡನ್ನೂ ಜೋಡಿಸಿ ಕೂತರೆ ‘ಸ’ ಬಂದಿದೆ, ಆದರೆ ಗಾಯಕಿ ಇಲ್ಲ. ನಡುವೆ ನಿಂತು ಹಾಡಬೇಕಾದವಳು ಕೋಣೆ ತುಂಬ ಹರಡಿಹೋಗಿದ್ದಾಳೆ. ಒಂದು ಟ್ವೀಟರ್‌ನ ಎರಡು ವೈರ್ ಅದಲುಬದಲಾಗಿತ್ತು. ಇದರ ಡೋಮ್ ಮುಂದೆ ಬರುವಾಗ ಅದರದ್ದು ಹಿಂದೆ ಹೋಗುತ್ತಿತ್ತು. ಬಿಚ್ಚುವ ಮೊದಲು ಒಂದು ಫೋಟೊ ತೆಗೆದಿಟ್ಟುಕೊಂಡಿದ್ದರೆ ಆಗುತ್ತಿತ್ತು. ತೆಗೆಯೋಣವೆಂದೇ ಇದ್ದೆ, ಫೋನ್ ಕೈಗೆ ಅಂಟಿಕೊಳ್ಳುತ್ತಿತ್ತು.

ಮೂರನೇ ದಿನ ರಾತ್ರಿ ವೈರ್ ಸರಿಮಾಡಿ, ದೀಪ ಆರಿಸಿ, ಕಣ್ಣು ಮುಚ್ಚಿ ಕೂತೆ. ‘ಸಂಜೆ’ ಸಂಜೆಯಾಗಿಯೇ ಬಂತು. ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ, ಹಿಂದಿನ ಕೋಣೆಯಿಂದ ಹೆಂಡತಿ ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದದ್ದು ಒಂದೊಂದು ‘ಸ’ವೂ ಬಿಡದೆ ಕೇಳಿಸಿತು.

“ಸರಿ ಹೋಯ್ತಂತೆ ಕಣೆ. ಸುಮ್ನೆ ಮೂರು ದಿವಸ. ನನಗಂತೂ ಸ್ವಲ್ಪನೂ ವ್ಯತ್ಯಾಸ ಗೊತ್ತಾಗ್ತಿಲ್ಲ.”

ಮೇಜಿನ ಮೇಲೆ ಇನ್ನೂ ಮುಕ್ಕಾಲು ಹಾಳೆ ಫೋಮ್ ಉಳಿದಿತ್ತು.